ಹದಿನಾಲ್ಕು ಹಳದಿ ಟೋಪಿಗಳು

"ಇದು ಆಗೂ ಮಾತಲ್ಲ" ಎಂದು ಮೊದಲು ಹೇಳಿದವರು ಮಿಸ್ ಒಡೆಸ್ಸಾ, ನಮ್ಮ ಮಕ್ಕಳ ಕೇಂದ್ರಕ್ಕೆ ಬರುವ ಹುಡುಗಿಯೊಬ್ಬಳ ಅಜ್ಜಿ. ಎರಡನೆಯವರು ನನ್ನ ಯಜಮಾನರು. ಮೂರನೆಯವರು ನಮ್ಮ ಕೇಂದ್ರದ ನಿರ್ದೇಶಕ ಹಾರ್ಲನ್. ಅವರು ಬಾಯಿಬಿಟ್ಟು ಏನೂ ಹೇಳಲಿಲ್ಲ, ನನ್ನ ಅರ್ಜಿಯನ್ನು ತೆಗೆದು ಕೆಳಗಿನ ಡ್ರಾಯರಿಗೆ ಹಾಕಿದರು, ಅಷ್ಟೆ. ಸಿಯಾಟಲ್‌ನ ಹದಿನಾಲ್ಕು ಕರಿಯ ಮಕ್ಕಳನ್ನು ಅಲಬಾಮಾಕ್ಕೆ ಕರೆದೊಯ್ದು, ಅವರ ಹಿರಿಯರು ಮತದ ಹಕ್ಕಿಗಾಗಿ ನಡೆದ ದಾರಿ, ಏಟು ತಿಂದ ಸೇತುವೆ, ಸಭೆ ಸೇರಿದ ಚರ್ಚುಗಳನ್ನು ತೋರಿಸಿ ವಾಪಸು ಕರೆತರಬೇಕು ಎನ್ನುವುದಷ್ಟೇ ಆ ಅರ್ಜಿಯಲ್ಲಿತ್ತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು.

ನಾನು ಬೆಟಗೇರಿಯ ನೇಕಾರರ ಮಗಳು. ನಮ್ಮ ಮನೆತನದಲ್ಲಿ, ಗಂಡಸರನ್ನೂ ಸೇರಿಸಿ, ಮೊದಲು ಡಿಗ್ರಿ ಮಾಡಿದವಳು ನಾನೇ. ಧಾರವಾಡದಲ್ಲಿ ಮಾಡಿದ ಬಿ.ಎ. ಮದುವೆಯಾಗಿ ಅಮೆರಿಕಕ್ಕೆ ಬಂದ ಮೇಲೆ ಇಲ್ಲಿ ಯಾರ ಲೆಕ್ಕಕ್ಕೂ ಬರಲಿಲ್ಲ. ಶೋರ್‌ಲೈನ್‌ನ ಮನೆಯಿಂದ ಎರಡು ಬಸ್ಸು ಬದಲಾಯಿಸಿ ಮತ್ತೆ ಕಾಲೇಜಿಗೆ ಹೋಗಿ, ನನ್ನ ಅರ್ಧ ವಯಸ್ಸಿನವರ ಪಕ್ಕ ಕೂತು, ಸಮಾಜಕಾರ್ಯದ ಪದವಿ ತೆಗೆದುಕೊಂಡಾಗ ನನಗೆ ನಲವತ್ತೆರಡು. ಎರಡೂ ಸರ್ಟಿಫಿಕೇಟು ಗೋಡೆಯ ಮೇಲಿವೆ. ಮನೆಗೆ ಬಂದವರಿಗೆ ತೋರಿಸುತ್ತೇನೆ, ನನಗೇನೂ ನಾಚಿಕೆಯಿಲ್ಲ.

ಈಗ ನಮ್ಮ ಕನ್ನಡದ ಮನೆಗಳ ಒಬ್ಬಿಬ್ಬರು ಮಕ್ಕಳು ಕಂಪ್ಯೂಟರ್ ಬಿಟ್ಟು ಈ ಕೆಲಸಕ್ಕೆ ಬಂದಿದ್ದಾರೆ. ಕೆಲಸ ನಿಜವಾಗಿ ಹೇಗಿತ್ತು ಎಂದು ಕೇಳಿದರು. ಹೇಳಲು ಸುಲಭ. ಒಂದು ಮಗುವಿಗೆ ಒಬ್ಬ ದೊಡ್ಡವರನ್ನು ಜೊತೆ ಮಾಡುವುದು. ವಾರಕ್ಕೊಮ್ಮೆ ಇಬ್ಬರೂ ಸೇರಿ ಓದಲಿ, ಚೆಂಡಾಡಲಿ, ಸುಮ್ಮನೆ ಐಸ್‌ಕ್ರೀಮ್ ತಿನ್ನಲಿ. ಆ ದೊಡ್ಡವರು ವರ್ಷಪೂರ್ತಿ ತಪ್ಪದೆ ಬರುವಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಬರದಿದ್ದರೆ ಮಗು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತಿರುತ್ತದೆ. ಅದನ್ನು ನೋಡಬೇಕಾಗುತ್ತದಲ್ಲ ಎನ್ನುವುದೇ ಈ ಕೆಲಸದ ಮೊದಲ ಭಯ. ಉಳಿದ ಭಯಗಳು ಆಮೇಲೆ ಬರುತ್ತವೆ. ನಿವೃತ್ತಿಯ ದಿನದವರೆಗೂ ಅವು ನನ್ನನ್ನು ಬಿಟ್ಟಿರಲಿಲ್ಲ.

ಆಗ ಎಲ್ಲವೂ ಕಾಗದ. ಒಪ್ಪಿಗೆ ಪತ್ರ, ಔಷಧಿ ಪಟ್ಟಿ, ಯಾರ ಮನೆಗೆ ಯಾರು ಫೋನ್ ಮಾಡಿದರು ಎಂಬ ಹಾಳೆ. ಹಾರ್ಲನ್ ಹಿಂದೆ ಶಾಲಾ ಬಸ್ ಓಡಿಸಿದ್ದವರು. "ಬರೆದಿಟ್ಟಿದೀಯಾ?" ಎಂಬುದೇ ಅವರ ಗುಡ್ ಮಾರ್ನಿಂಗ್. ಈಗ ಯಾವ ಮಗು ಎಲ್ಲಿದೆ ಎಂದು ಫೋನಿನಲ್ಲಿ ಚುಕ್ಕೆ ಕಾಣುತ್ತದಂತೆ. ಆ ಚುಕ್ಕೆಯನ್ನು ನಂಬಬೇಡಿ. ಯಾಕೆಂದು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮಿಸ್ ಒಡೆಸ್ಸಾ ಮೊಮ್ಮಗಳು ಜನೆಲ್‌ಳನ್ನು ಒಬ್ಬರೇ ಸಾಕುತ್ತಿದ್ದರು. ದಕ್ಷಿಣ ಸಿಯಾಟಲ್‌ನ ಸಣ್ಣ ಮನೆ, ಮುಂದೆ ಗುಲಾಬಿ ಗಿಡ. ಅವರ ಮಾತು ನನ್ನ ಕಿವಿಗೆ ಯಾವಾಗಲೂ ನಮ್ಮ ಓಣಿಯ ಹಿರೇಮನುಷ್ಯರ ಮಾತಿನ ಹಾಗೇ ಬೀಳುತ್ತಿತ್ತು. ಹಾಗಾಗಿ ಅವರ ಇಂಗ್ಲಿಷನ್ನು ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ. ಮೊದಲ ಸಲ ಹೋದಾಗ ನಾನು ಅಭ್ಯಾಸಬಲದಿಂದ ಬಾಗಿಲಲ್ಲೇ ಬೂಟು ಬಿಟ್ಟು ಬರಿಗಾಲಲ್ಲಿ ಒಳಗೆ ನಡೆದೆ. ಅವರು ನನ್ನ ಪಾದ ನೋಡಿದರು, ಮುಖ ನೋಡಿದರು.

"ಯಾಕ ತಂಗಿ, ಈಜಾಕ ಬಂದೀಯೇನ? ನಾವು ಚರ್ಚಿನಾಗ ಸೈತ ಬೂಟು ಬಿಡೂದಿಲ್ಲ."

ಜನೆಲ್ ಸೋಫಾದ ಮೇಲೆ ಬಿದ್ದು ನಕ್ಕಳು. ಅಲ್ಲಿಂದ ಮುಂದೆ ಪ್ರತಿ ಭೇಟಿಯಲ್ಲೂ ನಾನು ಬೂಟು ಬಿಡುತ್ತಿದ್ದೆ, ಅವರು "ಬಂದ್ಲು ನೋಡು ಈಜಗಾತಿ" ಎನ್ನುತ್ತಿದ್ದರು.

ಆದರೆ ಪ್ರವಾಸದ ಮಾತೆತ್ತಿದ ದಿನ ಅವರು ನಗಲಿಲ್ಲ.

"ನಾ ಹುಟ್ಟಿದ್ದು ಆ ಸೇತುವಿ ಇರೋ ಸೆಲ್ಮಾದಿಂದ ಎರಡು ತಾಸಿನ ದಾರಿಯಾಗ. ನಿನಗ ಹೇಳಿಲ್ಲ, ಯಾರಿಗೂ ಹೇಳಿಲ್ಲ. ನನಗ ಹನ್ನೊಂದು ವರ್ಷ, ನಮ್ಮಣ್ಣಗ ಹದಿನೈದು. ಮಟಮಟ ಮಧ್ಯಾಹ್ನ ಅವ್ವ ಉಪ್ಪು ತರಾಕ ಅಂಗಡಿಗೆ ಕಳಿಸಿದ್ಲು. ಉಪ್ಪೂ ಬರಲಿಲ್ಲ, ಅಣ್ಣನೂ ಬರಲಿಲ್ಲ. ಎಲ್ಲೋ ಓಡಿ ಹೋಗಿರಬೇಕು ಅಂತ ಪೋಲೀಸರು ಬರಕೊಂಡ್ರು. ಆ ಮಣ್ಣಿಗೆ ನಮ್ಮ ಮನಿಯಿಂದ ಒಂದು ಕೂಸು ಹೋಗೇತಿ. ಎರಡನೇದು ಕೊಡೂದಿಲ್ಲ."

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಗದಗಿನವರು, ಇಂಜಿನಿಯರು, ಸ್ಕ್ರೂ ಬಿಗಿಯಾಗಿದೆಯೇ ಎಂದು ಮೂರು ಸಲ ನೋಡುವ ಜೀವ.

"ಮಂದಿ ಮಕ್ಕಳನ್ನ ಕರಕೊಂಡು ಅಷ್ಟು ದೂರ? ನಿನ್ನ ತಲಿ ನೆಟ್ಟಗೈತೇನ? ಸಿರಿವಂತರ ಬೆಲ್ವ್ಯೂದಾಗಿನ ನಮ್ಮ ಮಂದಿ ನಿನ್ನ ಆಫೀಸಿರೋ ಓಣಿಗೆ ಬರಾಕ ಹೆದರತಾರ."

"ಅವರು ಹೆದರೂದು ಬ್ಯಾರೆ, ಮಿಸ್ ಒಡೆಸ್ಸಾ ಹೆದರೂದು ಬ್ಯಾರೆ" ಎಂದೆ.

ಎರಡು ತಿಂಗಳು ಬಿಟ್ಟು ಮತ್ತೆ ಹೋದೆ. ಈ ಸಲ ಪ್ರವಾಸದ ಮಾತು ತೆಗೆಯಲಿಲ್ಲ, ನನ್ನ ಕಥೆ ಹೇಳಿದೆ. ನಮ್ಮಪ್ಪ ಮಗ್ಗದ ಕುಣಿಯಲ್ಲಿ ಕೂತು "ಹೆಣ್ಣುಹುಡುಗಿ ಧಾರವಾಡಕ್ಕ? ಆಗೂದಲ್ಲ" ಎಂದದ್ದು. ಅವ್ವ ಅವನು ನೂಲು ತರಲು ಹೋದ ಹೊತ್ತು ನೋಡಿ ಕಾಲೇಜಿನ ಫಾರಮಿಗೆ ಹೆಬ್ಬೆಟ್ಟು ಒತ್ತಿದ್ದು.

"ನಿಮ್ಮವ್ವಗ ಹೆದರಿಕಿ ಆಗಲಿಲ್ಲೇನ?"

"ದಿನಾ ಆಗತಿತ್ತು. ಪ್ರತಿ ಶನಿವಾರ ನಾನು ಬರೋ ಬಸ್ಸಿಗೆ ಎರಡು ತಾಸು ಮೊದಲೇ ಬಂದು ನಿಲ್ತಿದ್ದಳು."

ಮಿಸ್ ಒಡೆಸ್ಸಾ ಟೀ ಲೋಟ ಕೆಳಗಿಟ್ಟರು. ಆಮೇಲೆ ಕೈ ಚಾಚಿ ಕಾಗದ ಇಸಿದುಕೊಂಡು ಸಹಿ ಹಾಕಿದರು. ಪೆನ್ನು ಕೊಡುವ ಮೊದಲು ನನ್ನ ಬೆರಳು ಹಿಡಿದುಕೊಂಡರು.

"ಎಣಿಸ್ಕೊಂಡು ಹೋಗು. ಎಣಿಸ್ಕೊಂಡು ಬಾ. ನನಗ ಮತ್ತೇನೂ ಬ್ಯಾಡ."

ಹೂಂ ಎಂದೆ. ಅವರೇ ಸಹಿ ಹಾಕಿದ ಮೇಲೆ ಹಾರ್ಲನ್ ಕೂಡ ಡ್ರಾಯರಿನಿಂದ ನನ್ನ ಅರ್ಜಿ ಹೊರತೆಗೆದರು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮವ್ವ ಮಕ್ಕಳನ್ನು ಎಂದೂ ಎಣಿಸಿದವಳಲ್ಲ. ಎಣಿಸಿದರೆ ಕಣ್ಣಾಗುತ್ತದೆ, ದೃಷ್ಟಿ ತಗುಲಿ ಒಂದು ಕಡಿಮೆಯಾಗುತ್ತದೆ ಎಂಬ ಹೆದರಿಕೆ. ಊಟಕ್ಕೆ ಗಂಗಾಳ ಎಣಿಸುವಳು, ಮದುವೆಮನೆಯಿಂದ ಹೊರಡುವಾಗ ಚಪ್ಪಲಿ ಎಣಿಸುವಳು, ತಲೆ ಮಾತ್ರ ಎಣಿಸಳು. ಎರಡು ಡಿಗ್ರಿ ಮಾಡಿದ ಮೇಲೂ ನನ್ನ ಬೆರಳು ಮಗುವಿನ ಕಡೆ ತಿರುಗಿ ಒಂದು, ಎರಡು ಎನ್ನಲಿಲ್ಲ. ಅದಕ್ಕೇ ನಾನು ಹದಿನಾಲ್ಕು ಹಳದಿ ಟೋಪಿ ತಂದೆ, ಅರ್ಧ ಮೈಲಿಯಿಂದ ಕಾಣುವಂಥ ಹಳದಿ. ಟೋಪಿ ಎಣಿಸಿದರೆ ಯಾರಿಗೂ ಕಣ್ಣಾಗುವುದಿಲ್ಲವಲ್ಲ. ಹಾರ್ಲನ್ ನೋಡಿ "ಒಳ್ಳೇ ಪದ್ಧತಿ. ಬರೆದಿಡು" ಎಂದರು. ನಿಜವಾದ ಕಾರಣ ನಾನು ಬರೆಯಲಿಲ್ಲ.

ಅಟ್ಲಾಂಟಾವರೆಗೆ ವಿಮಾನ, ಅಲ್ಲಿಂದ ಬಾಡಿಗೆ ಬಸ್ಸು. ಜೊತೆಗೆ ನಮ್ಮ ಸ್ವಯಂಸೇವಕ ಪ್ರದೀಪ್. ಮೈಸೂರಿನ ಹುಡುಗ, ಬೆಲ್ವ್ಯೂದಲ್ಲಿ ಸಾಫ್ಟ್‌ವೇರ್ ಕೆಲಸ, ಈಸ್ಟ್‌ಗೇಟ್‌ನಲ್ಲಿ ಮನೆ. ಮಕ್ಕಳಿಗೆ ಅವನೆಂದರೆ ಪ್ರಾಣ. ನಾನು ದಾರಿಯುದ್ದಕ್ಕೂ ಔಷಧಿ ಪಟ್ಟಿ ತೆಗೆದು ತೆಗೆದು ನೋಡುತ್ತಿದ್ದೆ. ಅದು ಅವನ ಕಣ್ಣಿಗೆ ಬಿತ್ತು.

"ಆಂಟಿ, ಟೆನ್ಷನ್ ಮಾಡ್ಕೋಬೇಡಿ. ನೀವು ಹಿಂಗೇ ಮುಖ ಮಾಡಿದ್ರೆ ಮಕ್ಕಳು ನಿಮ್ಮನ್ನೇ ಮ್ಯೂಸಿಯಂ ಪೀಸ್ ಅಂದ್ಕೊಳ್ತಾರೆ."

ಮೊದಲೆರಡು ದಿನ ಚೆನ್ನಾಗಿಯೇ ಕಳೆಯಿತು. ಮಕ್ಕಳು ಚರ್ಚು, ಮ್ಯೂಸಿಯಂಗಳಿಗೆ ಗಲಾಟೆ ಮಾಡುತ್ತಾ ಒಳಗೆ ಹೋಗಿ ಮೌನವಾಗಿ ಹೊರಬರುತ್ತಿದ್ದರು. ಒಂದು ಕಡೆ ಗೋಡೆ ತುಂಬ ಹಳೆಯ ಫೋಟೋಗಳಿದ್ದವು. ಜನೆಲ್ ಪ್ರತಿಯೊಂದು ಮುಖದ ಮುಂದೆ ನಿಲ್ಲುತ್ತಿದ್ದಳು.

"ಯಾರನ್ನ ಹುಡುಕ್ತಿದೀಯಾ?" ಎಂದೆ.

"ಅಜ್ಜಿಯ ಅಣ್ಣನ್ನ. ಹೇಗಿದ್ದ ಅಂತ ಗೊತ್ತಿಲ್ಲ. ನನ್ನ ಹಾಗೆ ಯಾರಾದ್ರೂ ಇದ್ದಾರಾ ಅಂತ ನೋಡ್ತಿದೀನಿ."

ಮೂರನೆಯ ದಿನ ಸೆಲ್ಮಾ. ಸೇತುವೆ ನಡುವೆ ಉಬ್ಬಿಕೊಂಡಿದೆ. ಈ ತುದಿಯಲ್ಲಿ ನಿಂತವರಿಗೆ ಆ ತುದಿ ಕಾಣುವುದಿಲ್ಲ. ಅಂದು ನಡೆದವರಿಗೂ ಏರು ಮುಗಿದ ಮೇಲೇ ಎದುರಿಗೆ ಲಾಠಿ ಹಿಡಿದು ನಿಂತವರು ಕಂಡದ್ದು ಎಂದು ಬಸ್ಸಿನ ಚಾಲಕ ಹೇಳಿದ. ಅವನು ಅಲ್ಲಿಯವನೇ, ವಯಸ್ಸಾದವನು. ಊರ ಕಡೆಯ ತುದಿಯಲ್ಲಿ ನಮ್ಮನ್ನು ಇಳಿಸಿ, ಬಸ್ಸನ್ನು ಆಚೆ ತುದಿಗೆ ಒಯ್ದು ನಿಲ್ಲಿಸಿದ. ಮಕ್ಕಳು ಇಬ್ಬಿಬ್ಬರಾಗಿ ನಡೆದರು. ಯಾರೂ ಹೇಳದಿದ್ದರೂ ಏರಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

ಆಚೆ ದಡದಲ್ಲಿ ಹದಿನೈದು ನಿಮಿಷ ನಿಂತೆವು. ಆಮೇಲೆ ಬಸ್ಸು ಹತ್ತಿಸಿದೆ. ಮುಂದೆ ನಿಂತು ಎತ್ತರದ ಸೀಟುಗಳ ಮೇಲಿಂದ ಟೋಪಿ ಎಣಿಸಿದೆ. ಹದಿನಾಲ್ಕು. ಮತ್ತೊಮ್ಮೆ ಎಣಿಸಿದೆ. ಹದಿನಾಲ್ಕು. ಬಸ್ಸು ರಾಜಧಾನಿ ಮಾಂಟ್ಗೊಮೆರಿ ಕಡೆ ಹೊರಟಿತು.

ಇಪ್ಪತ್ತು ನಿಮಿಷದ ಮೇಲೆ ಊಟದ ಪೊಟ್ಟಣ ಹಂಚಿದೆ. ಒಬ್ಬೊಬ್ಬರದರ ಮೇಲೂ ಹೆಸರು ಬರೆದಿದ್ದೆ. ಕೊನೆಗೆ ಕೈಯಲ್ಲಿ ಒಂದು ಉಳಿಯಿತು. ಅದರ ಮೇಲೆ ಜನೆಲ್ ಎಂದಿತ್ತು.

"ಜನೆಲ್ ಎಲ್ಲಿ?"

ಕೊನೆಯ ಸೀಟಿನಿಂದ ಪ್ರದೀಪ್ ಎದ್ದು ನಿಂತ. ತಲೆಯ ಮೇಲೆ ಹಳದಿ ಟೋಪಿ. ನಿಧಾನವಾಗಿ ಅದನ್ನು ತೆಗೆದ.

"ಆಂಟಿ... ಇದು ಅವಳದು. ಅಜ್ಜಿ ಜಡೆ ಹೆಣೆದಿದಾರೆ, ಟೋಪಿ ಹಾಕಿದ್ರೆ ಹಾಳಾಗತ್ತೆ, ನೀನಿಟ್ಕೋ ಅಂತ ಸೇತುವೆ ಮೇಲೆ ಕೊಟ್ಟಳು. ಬಿಸಿಲಿತ್ತಲ್ಲ, ಹಾಕ್ಕೊಂಡೆ. ಮುಂದೆ ಎಲ್ಲೋ ಕೂತಿದಾಳೆ ಅಂದ್ಕೊಂಡೆ..."

ಸೀಟಿನ ಹಿಡಿ ಹಿಡಿದು ಮುಂದೆ ಹೋಗಿ ಚಾಲಕನಿಗೆ ಹೇಳಿದೆ. ಅವನು ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿ ವೇಗ ಹೆಚ್ಚಿಸಿದ. ರಸ್ತೆಯ ನಡುವೆ ಹುಲ್ಲಿನ ಅಗಲ ಪಟ್ಟಿ. ಬಸ್ಸು ತಿರುಗಿಸುವ ಜಾಗ ಸಿಗುವವರೆಗೆ ಮುಂದೆಯೇ ಹೋಗಬೇಕು. ಅಂದರೆ ಅವಳಿಂದ ಇನ್ನೂ ದೂರ. ಆ ಮೂರು ನಾಲ್ಕು ಮೈಲಿಯಂಥ ಭಯ ನಾನು ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಆಫೀಸಿನ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಎರಡೂ ಕಡೆ ಖಾಲಿ ಹೊಲ, ದೂರದಲ್ಲಿ ಮರದ ಸಾಲು. ಕೈಗಡಿಯಾರ ನೋಡಿದೆ. ಒಂದು ಗಂಟೆ. ಮಟಮಟ ಮಧ್ಯಾಹ್ನ.

ಮಕ್ಕಳು ಒಬ್ಬರೂ ಪೊಟ್ಟಣ ಬಿಚ್ಚಲಿಲ್ಲ. ಪ್ರದೀಪ್ ಟೋಪಿಯನ್ನು ಹಿಂಡುತ್ತಾ ನನ್ನ ಹಿಂದೆ ಬಂದು ನಿಂತಿದ್ದ.

"ಆಂಟಿ, ಏನಾದ್ರೂ ಹೇಳಿ. ಬೈಯಿರಿ."

"ಎಣಿಸಿದವಳು ನಾನು" ಎಂದೆ. ನಮ್ಮವ್ವನ ಮಾತು ತಲೆಯಲ್ಲಿ ಸುತ್ತುತ್ತಿತ್ತು. ತಲೆ ಎಣಿಸಲಿಲ್ಲ, ಆದರೂ ಒಂದು ಕಡಿಮೆಯಾಗಿತ್ತು.

ಸೇತುವೆ ಕಂಡಾಗ ಎಲ್ಲರೂ ಎಡಗಡೆಯ ಕಿಟಕಿಗಳಿಗೆ ಬಂದರು. ಅವಳು ಅಲ್ಲಿದ್ದಳು. ಬಸ್ಸು ನಿಂತಿದ್ದ ಜಾಗದಲ್ಲೇ, ಸರಿಯಾಗಿ ಅದರ ಬಾಗಿಲಿದ್ದ ಕಡೆಯೇ, ಬಿಸಿಲಲ್ಲಿ ನಿಂತಿದ್ದಳು. ಕೂತಿರಲಿಲ್ಲ, ಎಲ್ಲೂ ಒರಗಿರಲಿಲ್ಲ, ಎರಡೂ ಕೈ ಜೇಬಿನಿಂದ ಹೊರಗೆ, ಅಂಗೈ ಕಾಣುವಂತೆ. ಕಳೆದುಹೋದರೆ ಹಾಗೆ ನಿಲ್ಲಬೇಕು, ಕರಿಯ ಮಗುವಿನ ಕೈಯಲ್ಲಿ ಏನೂ ಇಲ್ಲವೆಂದು ಪೊಲೀಸರಿಗೆ ದೂರದಿಂದಲೇ ಕಾಣಬೇಕು ಎಂದು ಅವಳು ಸಣ್ಣವಳಿದ್ದಾಗಿನಿಂದ ಅಜ್ಜಿ ಕಲಿಸಿದ್ದರು. ಯಾವ ಮಗುವಿಗೆ ಅಂಥ ಪಾಠ ಬೇಕು ಎಂದು ನಾನು ಅವತ್ತಿನವರೆಗೆ ಯೋಚಿಸಿರಲಿಲ್ಲ.

ಓಡಿಹೋಗಿ ಹಿಡಿದುಕೊಂಡೆ. ಅವಳ ಬೆನ್ನು ಹಲಗೆಯ ಹಾಗೆ ಸೆಟೆದಿತ್ತು.

"ಅಜ್ಜಿಗೆ ಫೋನ್ ಮಾಡೋಕೆ ವಾಪಸ್ ಊರ ಕಡೆ ಬೂತಿಗೆ ಹೋದೆ, ಮಿಸ್ ಶಾಂತಾ. ಸೇತುವೆ ದಾಟಿದೆ, ನಂಗೇನೂ ಆಗಿಲ್ಲ ಅಂತ ಹೇಳ್ಬೇಕಿತ್ತು. ಎರಡೇ ನಿಮಿಷ. ಓಡ್ತಾ ಬಂದೆ. ಏರು ಹತ್ತಿ ನೋಡಿದ್ರೆ ಬಸ್ಸೇ ಇಲ್ಲ."

"ಯಾರಾದ್ರೂ ಮಾತಾಡಿಸಿದ್ರಾ?"

"ಒಂದು ಟ್ರಕ್ಕು ಮೂರು ಸಲ ನಿಧಾನ ಆಯ್ತು. ಮೂರನೇ ಸಲ, ಇಲ್ಲೇನು ಮಾಡ್ತಿದೀಯಾ ಅಂದ್ರು. ನಮ್ಮವರು ಬರ್ತಿದಾರೆ ಅಂದೆ."

ಆಗ ಅವಳು ಅಳಲು ಶುರು ಮಾಡಿದಳು. ಅಳುತ್ತಲೇ ನನ್ನ ತೋಳು ಹಿಡಿದು ಜಗ್ಗಿದಳು. "ಅಜ್ಜಿಗೆ ಹೇಳ್ಬೇಡಿ. ಫೋನಲ್ಲಿ ಎಷ್ಟು ಖುಷಿಯಾಗಿದ್ರು ಗೊತ್ತಾ? ಹೇಳಿದ್ರೆ ಇನ್ನೆಂದೂ ನನ್ನ ಎಲ್ಲಿಗೂ ಬಿಡಲ್ಲ."

ಮಾಂಟ್ಗೊಮೆರಿ ತಲುಪಿದ ಕೂಡಲೇ ಹಾರ್ಲನ್‌ಗೆ ಫೋನ್ ಮಾಡಿದೆ. "ಬರೆದಿಟ್ಟಿದೀಯಾ" ಎನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. "ಮಗು ಸಿಕ್ಕಿದೆ ತಾನೆ? ತಿಂಗಳ ಕೊನೆಗೆ ಸರ್ಟಿಫಿಕೇಟ್ ಕಾರ್ಯಕ್ರಮ ಇದೆ. ಅದು ಮುಗೀಲಿ. ಆಮೇಲೆ ನಾನೇ ನಿಧಾನವಾಗಿ ಅವರಿಗೆ ಹೇಳ್ತೀನಿ" ಎಂದರು. ಅವರು ಕೆಟ್ಟವರಲ್ಲ. ಒಬ್ಬ ಅಜ್ಜಿ ಸಿಟ್ಟಾದರೆ ಹತ್ತು ಮನೆಯ ಬಾಗಿಲು ಮುಚ್ಚುತ್ತವೆ, ಪ್ರವಾಸ ನಿಲ್ಲುತ್ತದೆ, ಪ್ರಾಯಶಃ ಕೇಂದ್ರವೂ. ಅದು ಅವರ ಭಯ. ಆದರೆ ನನ್ನ ಬೆರಳು ಹಿಡಿದು ಮಾತು ತೆಗೆದುಕೊಂಡವರು ಅವರಲ್ಲ.

ಸಿಯಾಟಲ್‌ಗೆ ಮರಳಿದ ಮಾರನೆಯ ದಿನ ಮಧ್ಯಾಹ್ನ ಮಿಸ್ ಒಡೆಸ್ಸಾರ ಮನೆಗೆ ಹೋದೆ. ಬಾಗಿಲಲ್ಲಿ ಬೂಟು ಬಿಟ್ಟೆ.

"ಬಂದ್ಲು ನೋಡು ಈಜಗಾತಿ! ಬಾ, ಕೂಡು. ಆ ಸೇತುವಿ ದಾಟಿ ನನ್ನ ಕೂಸು ಫೋನ್ ಮಾಡಿತ್ತು, ಗೊತ್ತೈತೇನ? ಇಡೀ ಚರ್ಚಿಗೆ ಹೇಳೇನಿ."

ನಿಂತೇ ಹೇಳಿದೆ. ಬಿಡದೆ ಎಲ್ಲಾ ಹೇಳಿದೆ. ಹೇಳುತ್ತಾ ಹೋದಂತೆ ಅವರ ಮುಖದಿಂದ ನಗೆ ಇಳಿಯುವುದನ್ನು ನೋಡಬೇಕಾಯಿತು.

"ಎಷ್ಟು ಹೊತ್ತು?"

"ಐವತ್ತು ನಿಮಿಷ."

"ಎಣಿಸಲಿಲ್ಲೇನ?"

ಟೋಪಿಯ ವಿಷಯ ಹೇಳಿದೆ. ಯಾಕೆ ಟೋಪಿ ಎಂದೂ ಹೇಳಿದೆ. ಅವ್ವ, ಕಣ್ಣಾಗುವುದು, ಗಂಗಾಳ, ಚಪ್ಪಲಿ. ಹಾರ್ಲನ್‌ಗೆ ಹೇಳದ್ದು, ಯಜಮಾನರಿಗೂ ಹೇಳದ್ದು.

ಅವರು ಗೋಡೆ ನೋಡುತ್ತಾ ಮಾತಾಡಿದರು. "ನಮ್ಮವ್ವ ದಿನಾ ಸಂಜಿಮುಂದ ನಮ್ಮನ್ನ ಸಾಲಾಗಿ ನಿಂದ್ರಿಸಿ, ತಲಿ ಮ್ಯಾಲೆ ಕೈಯಿಟ್ಟು, ಹೆಸರು ಹಿಡಿದು ಎಣಿಸತಿದ್ಲು. ಅಣ್ಣ ಹೋದ ದಿನಾನೂ ಎಣಿಸಿದ್ಲು. ಮರುದಿನದಿಂದ ಎಣಿಸೂದು ಬಿಟ್ಲು. ಸಾಯೂ ತನಕ ಮತ್ತ ಎಣಿಸಲಿಲ್ಲ."

ನಾನು ಏನೋ ಹೇಳಲು ಹೋದೆ. ಅವರು ಕೈಯೆತ್ತಿದರು.

"ಬೂಟು ಹಾಕ್ಕೋ, ಶಾಂತಾ."

ಕಾಲೇಜಿನಲ್ಲಿ ಮೂವತ್ತು ಪುಸ್ತಕ ಓದಿಸಿದ್ದರು. ಆ ಮನೆಯ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುವಾಗ ಹೇಗಿರುತ್ತದೆ ಎಂದು ಒಂದರಲ್ಲೂ ಇರಲಿಲ್ಲ.

ಮೂರು ವಾರ ಜನೆಲ್ ಬರಲಿಲ್ಲ. ಹಾರ್ಲನ್ ನನ್ನ ಜೊತೆ ಮಾತು ಕಡಿಮೆ ಮಾಡಿದರು. ಪ್ರದೀಪ್ ಒಂದು ಸಂಜೆ ಬಂದು "ನಾನು ಬಿಟ್ಬಿಡ್ತೀನಿ ಆಂಟಿ, ನಂಗೆ ಮಕ್ಕಳ ಜವಾಬ್ದಾರಿ ಬೇಡ" ಎಂದ.

"ಬಿಟ್ಟರೆ ನಿನ್ನ ಹುಡುಗ ಕಿಟಕಿ ಹತ್ತಿರ ಕೂತಿರ್ತಾನೆ. ಅವನಿಗೆ ನೀನೇ ಹೋಗಿ ಹೇಳಿ ಬಾ, ಆಮೇಲೆ ಬಿಡು."

ಅವನು ಬಾಗಿಲವರೆಗೆ ಹೋಗಿ ತಿರುಗಿ, "ಶನಿವಾರ ಎಷ್ಟೊತ್ತಿಗೆ ಬರ್ಲಿ?" ಎಂದ.

ನಾನು ಪದ್ಧತಿ ಬದಲಾಯಿಸಿದೆ. ಈಜುಕೊಳಕ್ಕೆ ಹೋಗಲಿ, ಲೈಬ್ರರಿಗೆ ಹೋಗಲಿ, ಬಸ್ಸಿನ ಬಾಗಿಲಲ್ಲಿ ನಿಂತು ಒಂದೊಂದು ಮಗುವಿನ ತಲೆಯ ಮೇಲೆ ಕೈಯಿಟ್ಟು ಹೆಸರು ಕರೆದೆ. ಮಗು ನನ್ನ ಕಣ್ಣು ನೋಡಿ "ಇದೀನಿ" ಎನ್ನಬೇಕು. ಅವ್ವನ ಹೆದರಿಕೆ ನನ್ನಿಂದ ಹೋಗಲಿಲ್ಲ, ಹೆದರುತ್ತಲೇ ಎಣಿಸಿದೆ. ನೀವೂ ಹಾಗೇ ಎಣಿಸಿ. ಟೋಪಿಯಾಗಲಿ ಚುಕ್ಕೆಯಾಗಲಿ ಕರೆದರೆ ಓಗೊಡುವುದಿಲ್ಲ.

ಸರ್ಟಿಫಿಕೇಟಿನ ದಿನ ಬಂತು. ಕೇಂದ್ರದ ಸಭಾಂಗಣ, ಮಡಚುವ ಕುರ್ಚಿಗಳು, ಕೇಕು. ಮೇಜಿನ ಮೇಲೆ ಹದಿನಾಲ್ಕು ಹಾಳೆ. ಇದೇನು ದೊಡ್ಡ ಡಿಗ್ರಿಯಲ್ಲ, ಒಂದು ವರ್ಷ ಬಂದರು, ಒಂದು ದಾರಿ ನಡೆದರು ಎಂಬ ಕಾಗದ. ಆದರೆ ಮನೆಯಲ್ಲಿ ಮೊದಲ ಕಾಗದ ತಂದವಳಿಗೆ ಕಾಗದದ ತೂಕ ಗೊತ್ತಿರುತ್ತದೆ. ಒಂದೊಂದಾಗಿ ಹೆಸರು ಕರೆದೆ, ತಲೆ ಮುಟ್ಟಿ ಕೊಟ್ಟೆ. ಹದಿಮೂರು ಹೋದವು. ಒಂದು ಉಳಿಯಿತು. ಹಾರ್ಲನ್ ಅದನ್ನು ಲಕೋಟೆಗೆ ಹಾಕಲು ಕೈ ಚಾಚಿದರು.

"ತಾಳಿ. ಕರೀತೀನಿ" ಎಂದೆ. ಖಾಲಿ ಕುರ್ಚಿಯ ಕಡೆ ನೋಡಿ ಹೆಸರು ಕರೆದೆ. "ಜನೆಲ್."

ಹಿಂದಿನಿಂದ ಯಾರೋ "ಇದೀನಿ" ಎಂದರು.

ಬಾಗಿಲಲ್ಲಿ ಜನೆಲ್ ನಿಂತಿದ್ದಳು, ಹೊಸ ಜಡೆ, ಭಾನುವಾರದ ಉಡುಪು. ಅವಳ ಹಿಂದೆ ಮಿಸ್ ಒಡೆಸ್ಸಾ. ಚರ್ಚಿಗೆ ಹಾಕುವ ನೇರಳೆ ಬಣ್ಣದ ದೊಡ್ಡ ಟೋಪಿ, ಕೈಯಲ್ಲಿ ಚೀಲ, ಮುಖ ಬಿಗಿ. ಇಬ್ಬರೂ ಕುರ್ಚಿಗಳ ನಡುವಿನಿಂದ ನಡೆದು ಮುಂದೆ ಬಂದರು. ನಾನು ಜನೆಲ್‌ಳ ತಲೆಯ ಮೇಲೆ, ಜಡೆ ಕೆಡದಂತೆ, ಕೈಯಿಟ್ಟು ಕಾಗದ ಕೊಟ್ಟೆ. ಅವಳು ಅದನ್ನು ಅಜ್ಜಿಗೆ ಕೊಟ್ಟಳು. ಅಜ್ಜಿ ದೂರ ಹಿಡಿದು, ಒಂದೊಂದು ಅಕ್ಷರವನ್ನೂ ಓದಿ, ಮಡಚದೆ ಚೀಲದಲ್ಲಿ ಇಟ್ಟರು.

ಅಲ್ಲಿಗೆ ಮುಗಿಯಿತೆಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರು ಹೋಗಲಿಲ್ಲ. ಎರಡೂ ಕೈಯೆತ್ತಿ, ಪಿನ್ನು ಬಿಚ್ಚಿ, ಆ ನೇರಳೆ ಟೋಪಿ ತೆಗೆದು ಜನೆಲ್ ಕೈಗೆ ಕೊಟ್ಟರು. ಬಿಳಿ ಕೂದಲಿನ ಸಣ್ಣ ತಲೆ. ಅದನ್ನು ನನ್ನ ಮುಂದೆ ಬಗ್ಗಿಸಿದರು.

"ಮುಂದಿನ ವರ್ಷ ಅಲ್ಲಿಗೆ ಹೋಗೂಮುಂದ ಇದನ್ನೂ ಎಣಿಸ್ಕೋ."